ಬೆಳಕಿನ ಅಂಚೆ: ಕನ್ನಡಕ ಸಿಕ್ಕ ಜಾಗಗಳು

ಈ ಸಲದ ಪತ್ರಗಳಲ್ಲಿ ‘ಯಾವ ಕ್ಯಾಮೆರಾ ಕೊಳ್ಳಲಿ’ ಎಂಬ ಪ್ರಶ್ನೆ ಒಂದೂ ಇಲ್ಲ. ಅಂಕಣ ಶುರುವಾದಾಗಿನಿಂದ ಇದೇ ಮೊದಲು. ಅಂಚೆ ಸರಿಯಾಗಿ ಬರುತ್ತಿದೆಯೇ ಎಂದು ಕಚೇರಿಗೆ ಫೋನ್ ಮಾಡಿ ವಿಚಾರಿಸಿದೆ. ಬರುತ್ತಿದೆಯಂತೆ. ಮನೆಮಂದಿಯ ಫೋಟೋ ತೆಗೆದು ಬದುಕುವವರು ಬೇರೆ ಬೇರೆ ಮಾತುಗಳಲ್ಲಿ ಒಂದನ್ನೇ ಕೇಳಿದ್ದಾರೆ: ಸ್ವಂತ ಶೈಲಿ ಕಂಡುಕೊಳ್ಳುವುದು ಹೇಗೆ? ಹಾಗಾಗಿ ಮೊದಲ ಪತ್ರಕ್ಕೆ ಉದ್ದವಾಗಿ, ಉಳಿದವಕ್ಕೆ ಕೈಲಾದಷ್ಟು ಉತ್ತರಿಸುತ್ತೇನೆ.

ಪ್ರಶ್ನೆ: ಮೇಡಂ, ಆರು ವರ್ಷಗಳಿಂದ ಫ್ಯಾಮಿಲಿ ಶೂಟ್ ಮಾಡುತ್ತಿದ್ದೇನೆ. ಗ್ರಾಹಕರಿಗೆ ಖುಷಿಯಿದೆ, ಮತ್ತೆ ಕರೆಯುತ್ತಾರೆ. ಆದರೆ ನನ್ನ ಹತ್ತು ಚಿತ್ರಗಳನ್ನು ಬೇರೆಯವರ ಹತ್ತು ಚಿತ್ರಗಳ ಜೊತೆ ಬೆರೆಸಿಟ್ಟರೆ ನನ್ನವು ಯಾವುವೆಂದು ನನಗೇ ತಿಳಿಯುವುದಿಲ್ಲ. ಹೆಸರಾಂತ ಮೂವರ ಪ್ರಿಸೆಟ್ (ಒಂದೇ ಕ್ಲಿಕ್ಕಿಗೆ ಚಿತ್ರದ ಬಣ್ಣ ಬದಲಿಸುವ ಸಿದ್ಧ ಸೆಟ್ಟಿಂಗ್) ಕೊಂಡೆ. ಒಂದು ವರ್ಷ ಎಲ್ಲವೂ ಕಂದು, ಮರುವರ್ಷ ಎಲ್ಲವೂ ಬಿಳಿಚು. ಸ್ವಂತ ಶೈಲಿ ಎಂಬುದು ಸಿಗುವುದು ಹೇಗೆ?

ಉತ್ತರ: ಪ್ರಿಸೆಟ್ ಕೊಂಡಿದ್ದಕ್ಕೆ ನಾಚಿಕೊಳ್ಳಬೇಡಿ. ನಾನೂ ಕೊಂಡಿದ್ದೆ. ಆದರೆ ಅದು ಇನ್ನೊಬ್ಬರ ಅಂಗಿ. ಎಷ್ಟು ಸರಿಹೊಂದಿದರೂ ಹೊಲಿದದ್ದು ಅವರ ಅಳತೆಗೆ. ಅವರ ಊರಿನ ಬಿಸಿಲು, ಅವರ ಮನೆಯ ಗೋಡೆ, ಅವರು ಶೂಟ್ ಮಾಡುವ ಹೊತ್ತು ಎಲ್ಲವೂ ಆ ಬಣ್ಣದೊಳಗೆ ಸೇರಿಕೊಂಡಿರುತ್ತವೆ. ನಿಮ್ಮ ಚಿತ್ರದ ಮೇಲೆ ಅದನ್ನು ಹೊದಿಸಿದಾಗ ಉಳಿಯುವುದು ಕಂದು ಮಾತ್ರ.

ನನ್ನದೊಂದು ತಪ್ಪು ಹೇಳುತ್ತೇನೆ. ವೃತ್ತಿಯ ನಾಲ್ಕನೆಯ ವರ್ಷ ಒಂದು ಮನೆಗೆ ಹೋಗಿದ್ದೆ. ಮೂರು ವರ್ಷದ ಹುಡುಗ ಕ್ಯಾಮೆರಾ ಕಂಡರೆ ಸಾಕು, ಅಪ್ಪನ ಅಂಗಿಯೊಳಗೆ ತಲೆ ತೂರಿಸುತ್ತಿದ್ದ. ಒಂದು ಚಿತ್ರದಲ್ಲಿ ಅಪ್ಪನ ಎದೆಯ ಮೇಲೆ ಬಟ್ಟೆಯಡಿ ಒಂದು ಗುಂಡಗಿನ ಉಬ್ಬು, ಕೆಳಗೆ ಎರಡು ಪುಟ್ಟ ಪಾದ. ಅಪ್ಪ ತಲೆ ಹಿಂದಕ್ಕೆ ಎಸೆದು ನಗುತ್ತಿದ್ದಾರೆ. ಮುಖವಿಲ್ಲದ ಮಗುವಿನ ಚಿತ್ರ ಯಾರಿಗೆ ಬೇಕು ಎಂದು ಅದನ್ನು ಅಳಿಸಿ, ಬಿಸ್ಕತ್ತಿನ ಆಸೆ ತೋರಿಸಿ ತೆಗೆದ ನಗುಮುಖಗಳನ್ನು ಕೊಟ್ಟೆ. ಐದು ವರ್ಷದ ಬಳಿಕ ಆ ತಾಯಿ ಫೋನ್ ಮಾಡಿ, “ಅವತ್ತು ಕ್ಯಾಮೆರಾದ ಹಿಂಬದಿಯಲ್ಲಿ ಒಂದು ಚಿತ್ರ ತೋರಿಸಿದ್ದಿರಿ, ಅಂಗಿಯೊಳಗೆ ಅಡಗಿದ್ದು. ಅದಿದೆಯೇ?” ಎಂದು ಕೇಳಿದರು. ಇರಲಿಲ್ಲ. ಕೊಟ್ಟಿದ್ದ ನಲವತ್ತು ಚಿತ್ರಗಳಲ್ಲಿ ಒಂದರ ಹೆಸರನ್ನೂ ಅವರು ಎತ್ತಲಿಲ್ಲ.

ಅಲ್ಲಿಂದ ಮುಂದೆ ನಾನು ಏನನ್ನೂ ತಕ್ಷಣ ಅಳಿಸುವುದಿಲ್ಲ. ತಿರಸ್ಕರಿಸಿದವಕ್ಕೆ ಪ್ರತ್ಯೇಕ ಫೋಲ್ಡರ್. ಹೆಸರು ‘ಕಸ’. ಅದೇ ಸುಮಾರಿಗೆ, ಯಾರೂ ಕೇಳದೆ, ಯಾರಿಗೂ ಕೊಡಬೇಕಾಗಿಲ್ಲದೆ ಇನ್ನೊಂದು ಕೆಲಸ ಶುರುವಾಗಿತ್ತು. ನನ್ನ ಅಮ್ಮ ದಿನಕ್ಕೊಮ್ಮೆಯಾದರೂ ಕನ್ನಡಕ ಕಳೆದುಕೊಳ್ಳುತ್ತಾರೆ. ಮನೆಯೆಲ್ಲ ಹುಡುಕಾಟ. ಸಿಕ್ಕಾಗ ಅದನ್ನು ಎತ್ತುವ ಮೊದಲು ಒಂದು ಚಿತ್ರ ತೆಗೆಯುವುದು ಎಂದುಕೊಂಡೆ: ಫ್ರಿಜ್ಜಿನ ಮೇಲೆ, ಹೂಕುಂಡದ ಮಣ್ಣಿನಲ್ಲಿ, ಮಡಿಸಿಟ್ಟ ಬಟ್ಟೆಗಳ ನಡುವೆ, ದಿನಪತ್ರಿಕೆಯ ಪದಬಂಧದ ಮೇಲೆ, ಎರಡು ಸಲ ಅವರ ತಲೆಯ ಮೇಲೆಯೇ. ಹದಿನಾಲ್ಕು ತಿಂಗಳಲ್ಲಿ 61 ಚಿತ್ರ.

ಅಷ್ಟನ್ನೂ ಅಂಗೈಯಗಲದ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ ನೋಡಿದಾಗ ಬೆಪ್ಪಾದೆ. ಮುಕ್ಕಾಲು ಪಾಲು ಸಂಜೆ ನಾಲ್ಕರ ಆಸುಪಾಸಿನ, ಎಡಗಡೆಯ ಕಿಟಕಿಯ ಬೆಳಕು. ಬಹುತೇಕ ಎಲ್ಲವೂ ಒಂದು ತೋಳಿನಷ್ಟು ದೂರದಿಂದ ತೆಗೆದವು. ಅಮ್ಮ ಇದ್ದರೂ ಅಂಚಿನಲ್ಲಿ ಒಂದು ಕೈ, ಒಂದು ಬೆನ್ನು. ಚಿತ್ರದ ನಡುವೆ ಧಾರಾಳವಾಗಿ ಖಾಲಿ ಜಾಗ. ಆಮೇಲೆ ‘ಕಸ’ದ ಫೋಲ್ಡರ್ ತೆರೆದೆ. ಅಲ್ಲಿಯೂ ಅದೇ ದೂರ, ಅದೇ ಪಕ್ಕದ ಬೆಳಕು, ಅಂಚಿಗೆ ಸರಿದ ಜನ, ತಿರುಗಿದ ಕತ್ತು, ಹಿಡಿದ ಬೆರಳು. ಅಂದರೆ ವರ್ಷಗಟ್ಟಲೆ ನಾನು ನನ್ನ ಹಾಗೆಯೇ ಫೋಟೋ ತೆಗೆಯುತ್ತಿದ್ದೆ. ಆಯ್ಕೆ ಮಾಡುವಾಗ ಮಾತ್ರ ಬೇರೆಯವರ ಕಣ್ಣಿನಿಂದ ಆಯ್ಕೆ ಮಾಡುತ್ತಿದ್ದೆ.

ನೀವೂ ಹೊಸದೇನನ್ನೂ ತೆಗೆಯುವ ಮೊದಲು ಹಳೆಯದನ್ನು ತೆಗೆಯಿರಿ. ಕಳೆದ ಎರಡು ವರ್ಷ ಗ್ರಾಹಕರಿಗೆ ಕೊಡದೆ ಉಳಿಸಿದ್ದರಲ್ಲಿ, ಕಾರಣ ಹೇಳಲಾಗದಿದ್ದರೂ ಅಳಿಸಲು ಮನಸ್ಸಾಗದ ನೂರನ್ನು ಆರಿಸಿ. ಚಿಕ್ಕದಾಗಿ ಪ್ರಿಂಟ್ ಹಾಕಿಸಿ. ಪರದೆಯ ಮೇಲೆ ಬೇಡ, ಅಲ್ಲಿ ಬೆರಳು ಜಾರುತ್ತದೆ. ಒಂದಷ್ಟು ಕಪ್ಪು-ಬಿಳುಪಿನಲ್ಲೇ ಹಾಕಿಸಿ ನೋಡಿ, ಬಣ್ಣದ ಗದ್ದಲ ತಣ್ಣಗಾದರೆ ಅಡಿಯಲ್ಲಿರುವುದು ಕಾಣುತ್ತದೆ. ಯಾವ ಲೆನ್ಸ್, ಯಾವ ಹೊತ್ತು ಎಂಬುದು ಪ್ರತಿ ಫೈಲಿನೊಳಗೂ ದಾಖಲಾಗಿರುತ್ತದೆ, ಅದನ್ನೂ ಎಣಿಸಿ. ನಾನು ದೂರ ನಿಂತು ಮುಖ ತೆಗೆಯುವ 85 ಮಿಲಿಮೀಟರ್ ಲೆನ್ಸಿನ ಪ್ರಿಯೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದವಳು; ಲೆಕ್ಕ ಹಾಕಿದರೆ ನನಗೆ ಇಷ್ಟವಾದ ಚಿತ್ರಗಳಲ್ಲಿ ಹೆಚ್ಚಿನವು ಅಗಲಕ್ಕೆ ಕಾಣುವ 35ರಲ್ಲಿ ತೆಗೆದವು.

ಪ್ರಶ್ನೆ: ಸ್ವಂತಕ್ಕೆಂದು ಏನಾದರೂ ಯೋಜನೆ ಮಾಡಿ ಎನ್ನುತ್ತೀರಿ. ಪ್ರವಾಸಕ್ಕೆ ಸಮಯವಿಲ್ಲ, ಮನೆಯಲ್ಲಿ ವಿಶೇಷವೇನೂ ಇಲ್ಲ. ವಿಷಯ ಎಲ್ಲಿಂದ ತರಲಿ?

ಉತ್ತರ: ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954) ಸಂಸ್ಕೃತ, ಪರ್ಷಿಯನ್ ಓದಿಕೊಂಡ ವಿದ್ವಾಂಸರು. ಸುಮಾರು ಆರು ದಶಕ ಅವರ ಕ್ಯಾಮೆರಾ ಹೆಚ್ಚಾಗಿ ತಿರುಗಿದ್ದು ತಮ್ಮ ಕಡೆಗೆ, ಹೆಂಡತಿಯ ಕಡೆಗೆ, ಇಬ್ಬರು ಹೆಣ್ಣುಮಕ್ಕಳ ಕಡೆಗೆ. ಫ್ರಾನ್ಸಿನ ಫೋಟೋಗ್ರಾಫರ್ ಜಾಕ್ ಆನ್ರಿ ಲಾರ್ತಿಗ್, 1894ರಲ್ಲಿ ಹುಟ್ಟಿದವರು, ಚಿಕ್ಕ ಹುಡುಗನಾಗಿದ್ದಾಗಲೇ ಅಣ್ಣನ ಆಟ, ಸೋದರ ಸಂಬಂಧಿಗಳ ಜಿಗಿತ ಎಂದು ಮನೆಯವರ ಬೆನ್ನುಬಿದ್ದು ಕ್ಲಿಕ್ಕಿಸಿದರು. ತಮ್ಮನ್ನು ಅವರು ಎಣಿಸಿಕೊಂಡಿದ್ದು ವರ್ಣಚಿತ್ರಕಾರ ಎಂದು. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆ ಫೋಟೋಗಳ ಪ್ರದರ್ಶನ ಏರ್ಪಡಿಸಿದಾಗ ಅವರಿಗೆ ಎಪ್ಪತ್ತು ಹತ್ತಿರವಾಗಿತ್ತು. ಅಮೆರಿಕದ ಫೋಟೋಗ್ರಾಫರ್ ನಿಕೋಲಸ್ ನಿಕ್ಸನ್ 1975ರಿಂದ ನಾಲ್ಕು ದಶಕಕ್ಕೂ ಮೀರಿ ತಮ್ಮ ಹೆಂಡತಿ ಮತ್ತು ಆಕೆಯ ಮೂವರು ಸೋದರಿಯರನ್ನು ವರ್ಷಕ್ಕೊಮ್ಮೆ, ಪ್ರತಿ ಸಲವೂ ಅದೇ ಕ್ರಮದಲ್ಲಿ ನಿಲ್ಲಿಸಿ, 8×10 ಇಂಚಿನ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾದಲ್ಲಿ ತೆಗೆದರು. ನಾಲ್ವರು ಹೆಂಗಸರು ನಿಂತಿದ್ದಾರೆ, ಅಷ್ಟೇ. ವರ್ಷದ ಪಕ್ಕ ವರ್ಷ ಇಟ್ಟು ನೋಡಿದರೆ ಗಂಟಲು ಕಟ್ಟುತ್ತದೆ.

ನಿಕ್ಸನ್ ಮಾಡಿದ್ದರಲ್ಲಿ ಕಲಿಯಬೇಕಾದದ್ದು ಕಟ್ಟುಪಾಡು. ‘ನನ್ನ ಕುಟುಂಬ’ ಎಂಬುದು ವಿಷಯವಲ್ಲ, ಸಮುದ್ರ. ಅದರಲ್ಲಿ ಒಂದು ಬಿಂದಿಗೆ ಮೊಗೆಯಿರಿ: ಮಗ ಹೋಮ್‌ವರ್ಕ್ ಮಾಡುವ ಮೇಜು, ಅಪ್ಪ ಫೋನಿನಲ್ಲಿ ಮಾತನಾಡುತ್ತಾ ನಿಲ್ಲುವ ಮೂಲೆ, ಭಾನುವಾರ ಬೆಳಿಗ್ಗೆಯ ಮಂಚ. ಒಂದೇ ಲೆನ್ಸ್, ಬಲ್ಬ್ ಹಾಕುವುದಿಲ್ಲ, ಏನನ್ನೂ ಸರಿಸಿಡುವುದಿಲ್ಲ ಎಂದು ನಿಮಗೆ ನೀವೇ ಎರಡು ಮೂರು ಕಟ್ಟಳೆ ಹಾಕಿಕೊಳ್ಳಿ. ಆಯ್ಕೆಗಳು ಕಡಿಮೆಯಾದಷ್ಟೂ ನಿಮ್ಮ ಚಾಳಿ ಬೇಗ ಬಯಲಾಗುತ್ತದೆ. ಮೂರನೆಯ ತಿಂಗಳು ಖಂಡಿತ ಬೇಸರ ಬರುತ್ತದೆ, ಎಲ್ಲ ಚಿತ್ರವೂ ಒಂದೇ ಅನಿಸುತ್ತದೆ. ನನ್ನ ಒಳ್ಳೆಯ ಕನ್ನಡಕಗಳೆಲ್ಲ ಆ ಬೇಸರ ಕಳೆದ ಮೇಲೆ ಸಿಕ್ಕವು.

ಪ್ರಶ್ನೆ: ನನ್ನ ಚಿತ್ರಗಳು ತುಸು ಮಸುಕಾಗಿ ಬರುತ್ತವೆ. ಅದೇ ನನ್ನ ಶೈಲಿ ಎನ್ನಬಹುದೇ?

ಉತ್ತರ: ಬೇಕೆಂದಾಗ ಚೂಪಾಗಿಯೂ ತೆಗೆಯಬಲ್ಲಿರಾದರೆ ಎನ್ನಬಹುದು. ಬ್ರಿಟನ್ನಿನ ಫೋಟೋಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಅವರ ಕೈಗೆ ಕ್ಯಾಮೆರಾ ಬಂದದ್ದು 1863ರಲ್ಲಿ, 48ನೆಯ ವಯಸ್ಸಿನಲ್ಲಿ, ಮಗಳು-ಅಳಿಯನ ಉಡುಗೊರೆಯಾಗಿ. ಬಂಧುಗಳನ್ನೂ ಮನೆಗೆಲಸದವರನ್ನೂ ಮೃದುವಾದ ಫೋಕಸ್‌ನಲ್ಲಿ ತೆಗೆದರು. ಕೆಲಸ ಬಾರದವಳು ಎಂದು ಆಗಿನ ಕೆಲವರು ಹಂಗಿಸಿದರೂ ಹಾಗೆಯೇ ಮುಂದುವರಿಸಿದರು, ಏಕೆಂದರೆ ಫೋಕಸ್ ತಿರುಗಿಸುತ್ತಾ ಕಣ್ಣಿಗೆ ಚೆಂದ ಕಂಡಲ್ಲಿ ಬೇಕೆಂದೇ ನಿಲ್ಲಿಸುತ್ತಿದ್ದರು. ನೀವು ಕಳಿಸಿದ ಮಾದರಿಯಲ್ಲಿ ಓಡುವ ಮಗುವಿಗೆ ಶಟರ್ 1/30 ಸೆಕೆಂಡ್ ತೆರೆದಿದೆ, ಅಷ್ಟರಲ್ಲಿ ಮಗು ಸರಿದಿರುತ್ತದೆ. ಅದನ್ನು 1/500ಕ್ಕೆ ಏರಿಸಿ ಒಂದು ತಿಂಗಳು ತೆಗೆಯಿರಿ. ಆಮೇಲೂ ಮಸುಕೇ ಬೇಕೆನಿಸಿದರೆ ಮತ್ತೆ ಬರೆಯಿರಿ, ನಾನೇ ನಿಮ್ಮ ಪರ ವಾದಿಸುತ್ತೇನೆ.

ಪ್ರಶ್ನೆ: ನನ್ನ ಮನಸ್ಸಿಗೆ ಬರುವುದು ಸಹಜ ಗಳಿಗೆಗಳು. ಹಣ ಕೊಡುವವರಿಗೆ ಬೇಕಾದದ್ದು ಎಲ್ಲರೂ ಕ್ಯಾಮೆರಾ ನೋಡಿ ನಗುವ ಚಿತ್ರ. ಇವೆರಡೂ ಒಂದೇ ಶೂಟ್‌ನಲ್ಲಿ ಸಾಧ್ಯವೇ?

ಉತ್ತರ: ಸಾಧ್ಯ, ಮೊದಲು ಅವರ ಸಾಲ ತೀರಿಸಿ. ಎಲ್ಲರನ್ನೂ ಸಾಲಾಗಿ ಕೂರಿಸಿ, ನಗಿಸಿ, ಹತ್ತು ನಿಮಿಷದಲ್ಲಿ ಆ ಚಿತ್ರ ಮುಗಿಸಿಬಿಡಿ. ಅದನ್ನು ತಾತ್ಸಾರದಿಂದ ತೆಗೆಯಬೇಡಿ. ಅಜ್ಜ-ಅಜ್ಜಿಯ ಗೋಡೆಗೆ ಹೋಗುವುದು ಅದೇ. ಅದು ಸಿಕ್ಕಿತೆಂದು ಗೊತ್ತಾದ ಮೇಲೆ ಮನೆಯವರ ಭುಜ ತಾನಾಗಿ ಇಳಿಯುತ್ತದೆ.

ನಿಮ್ಮ ಶೂಟ್ ಶುರುವಾಗುವುದು ಆಗ. ಹಿಂದಿನ ದಿನವೇ ಫೋನ್ ಮಾಡಿ, ಆ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತಿರುತ್ತದೆ ಎಂದು ಕೇಳಿಟ್ಟುಕೊಂಡಿರಿ. ‘ಸಹಜವಾಗಿರಿ’ ಎಂದು ಮಾತ್ರ ಹೇಳಬೇಡಿ, ಆ ಮಾತು ಕೇಳಿದ ಯಾವ ಮನುಷ್ಯನೂ ಆಮೇಲೆ ಸಹಜವಾಗಿ ಇದ್ದದ್ದನ್ನು ನಾನು ಕಂಡಿಲ್ಲ. ಕೈಗೆ ಕೆಲಸ ಕೊಡಿ: ಮಗಳ ತಲೆ ಬಾಚುವುದು, ಮಗನ ಬೂಟಿನ ದಾರ ಕಟ್ಟುವುದು, ಹಾಸಿಗೆಯ ಹೊದಿಕೆ ಬದಲಿಸುವುದು. ಕಿಟಕಿಯ ಪಕ್ಕಕ್ಕೆ ಅವರನ್ನು ಕರೆದು ಕೋಣೆಯ ಬಲ್ಬ್ ಆರಿಸಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯುವ ಮಾನ), ಮನೆಯ ಹಳದಿ ಬಲ್ಬ್ ಮೂರು ಸಾವಿರದೊಳಗೆ. ಎರಡೂ ಒಟ್ಟಿಗೆ ಬಿದ್ದರೆ ಕೆನ್ನೆಯೊಂದು ನೀಲಿ, ಇನ್ನೊಂದು ಕಿತ್ತಳೆ, ಕ್ಯಾಮೆರಾದ ಯಾವ ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಕೂಡ ಎರಡನ್ನೂ ಒಮ್ಮೆಗೇ ಸರಿಮಾಡದು. ಕೊನೆಗೆ ‘ಮುಗಿಯಿತು’ ಎಂದು ಹೇಳಿ, ಕ್ಯಾಮೆರಾ ಕತ್ತಿನಲ್ಲೇ ಇರಲಿ. ಆಗ ಅಮ್ಮ ಸೋಫಾಕ್ಕೆ ಒರಗುತ್ತಾರೆ, ಮಗು ಬಂದು ಮೈಮೇಲೆ ಬೀಳುತ್ತದೆ. ನನ್ನ ಒಳ್ಳೆಯ ಚಿತ್ರಗಳಲ್ಲಿ ಅರ್ಧ ಮುಗಿದ ಮೇಲೆ ತೆಗೆದವು.

ಚಿತ್ರಗಳನ್ನು ಕೊಡುವಾಗ ಇವನ್ನು ಕೊನೆಗೆ ತುರುಕದೆ ನಡುನಡುವೆ ಸೇರಿಸಿ. ಆರು ತಿಂಗಳ ಮೇಲೆ ಯಾವುದಕ್ಕೆ ಚೌಕಟ್ಟು ಹಾಕಿಸಿದಿರಿ ಎಂದು ಕೇಳಿ. ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಮತ್ತೆ ತೆಗೆಯಲು ಇಷ್ಟವಿರುವ ಚಿತ್ರಗಳಷ್ಟೇ ಇರಲಿ. ಜನ ಕೇಳುವುದು ಅಲ್ಲಿ ಕಂಡದ್ದನ್ನೇ. ಮೊದಲ ವರ್ಷ ಕೆಲಸ ಕೊಂಚ ಕಡಿಮೆಯಾಗಬಹುದು. ನನಗೆ ಆಗಿತ್ತು, ಸುಳ್ಳೇಕೆ ಹೇಳಲಿ.

ಪ್ರಶ್ನೆ: ಮನೆಯೊಳಗಿನ ಶೂಟ್‌ಗೆ ಒಂದೇ ಲೆನ್ಸ್ ಎಂದರೆ?

ಉತ್ತರ: ಬಂತಲ್ಲ, ಕ್ಯಾಮೆರಾದ ತಮ್ಮ! 35. ಮುಖದ ಹತ್ತಿರ ಹೋಗಬೇಡಿ, ಮೂಗು ದಪ್ಪವಾಗುತ್ತದೆ.

ಪ್ರಶ್ನೆ: ಮಗಳು ಹುಟ್ಟಿದಾಗಿನಿಂದ ಅವಳ ಚಿತ್ರ ತೆಗೆಯುತ್ತಿದ್ದೇನೆ. ನನ್ನ ಮುಖ್ಯ ಯೋಜನೆಯೇ ಅದು. ಈಗ ಹನ್ನೆರಡು ವರ್ಷ; ‘ಸಾಕು, ತೆಗೆಯಬೇಡ’ ಎನ್ನುತ್ತಾಳೆ. ಅರ್ಧಕ್ಕೆ ನಿಲ್ಲಿಸಲೇ?

ಉತ್ತರ: ನಿಲ್ಲಿಸಿ, ಇವತ್ತೇ. ಹಳೆಯ ಚಿತ್ರಗಳನ್ನು ಅವಳ ಮುಂದಿಟ್ಟು, ಯಾವುದನ್ನು ಹೊರಗಿನವರು ನೋಡಬಹುದು, ಯಾವುದನ್ನು ನೋಡಬಾರದು ಎಂದು ಅವಳೇ ಬೇರ್ಪಡಿಸಲಿ. ಅವಳು ಬೇಡವೆಂದದ್ದನ್ನು ಎಷ್ಟು ಚೆನ್ನಾಗಿದ್ದರೂ ಎಲ್ಲಿಯೂ ಹಾಕಬೇಡಿ. ಬೇಕಿದ್ದರೆ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು ನೀವು ಎದುರು ಕೂತು ನೋಡಿ. ಆ ಕಡೆ ಕೂರುವುದು ಎಷ್ಟು ಕಷ್ಟವೆಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ನನ್ನ ಯೋಜನೆ 61ಕ್ಕೆ ನಿಂತದ್ದೂ ನಾನು ನಿಲ್ಲಿಸಿದ್ದರಿಂದಲ್ಲ. ಒಂದು ಸಂಜೆ ಅಮ್ಮ, “ಸಾಕು ಮಾರಾಯ್ತಿ. ಕನ್ನಡಕ ಕಣ್ಣೆದುರೇ ಇದ್ದರೂ ನೀನು ಬಂದು ಫೋಟೋ ತೆಗೆಯುವ ತನಕ ನಾನು ಕುರುಡಿಯ ಹಾಗೆ ಕಾಯುತ್ತಾ ಕೂರಬೇಕು” ಎಂದರು. ಸರಿ ಎಂದೆ. ಮರುವಾರ ಅದು ಹಕ್ಕಿಗಳಿಗೆ ನೀರಿಡುವ ಬಟ್ಟಲಿನಲ್ಲಿ ಅರ್ಧ ಮುಳುಗಿತ್ತು, ಗಾಜಿನಲ್ಲಿ ಇಡೀ ಆಕಾಶ. ಎತ್ತಿ, ಸೆರಗಿನಲ್ಲಿ ಒರೆಸಿ, ಅವರ ಕೈಗೆ ಕೊಟ್ಟೆ.