ಓದುಗರ ಪ್ರಶ್ನೆ, ಕವಿಯ ಉತ್ತರ: ಮಂಚದ ಕೆಳಗಿನ ಆರುನೂರು ಪ್ರತಿಗಳು

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಶಿಕ್ಷಕಿ. 84 ಕವಿತೆಗಳ ಹಸ್ತಪ್ರತಿ ಸಿದ್ಧವಾಗಿದೆ. ಪ್ರಕಾಶಕರೊಬ್ಬರು 300 ಪ್ರತಿಗಳನ್ನು ನಾನೇ ಮುಂಗಡ ಕೊಟ್ಟು ಕೊಳ್ಳಬೇಕು ಎನ್ನುತ್ತಿದ್ದಾರೆ. ಒಪ್ಪಲೇ?
(ಶಿಕ್ಷಕಿ, ಶಿರಸಿ)

ಉತ್ತರ: ತಾಯಿ, ಒಪ್ಪುವ ಮೊದಲು ಮನೆಯಲ್ಲಿ ಎಷ್ಟು ಮಂಚಗಳಿವೆ ಎಂದು ಎಣಿಸಿಕೊಳ್ಳಿ. 1987ರಲ್ಲಿ ನನ್ನ ಮೊದಲ ಸಂಕಲನಕ್ಕೆ ಸಾವಿರ ಪ್ರತಿ ಹಾಕಿಸಿದ್ದೆ. ಬಿಡುಗಡೆಯ ದಿನ ಹೋದದ್ದು ನಲವತ್ತು. ಅದರಲ್ಲೂ ಇಪ್ಪತ್ತೈದು ವೇದಿಕೆಯ ಮೇಲಿದ್ದವರಿಗೆ, ಬೀಗರಿಗೆ ಕೊಟ್ಟ ಗೌರವ ಪ್ರತಿ. ಆಮೇಲೆ ಅಲ್ಲಿ ಇಲ್ಲಿ ಹಂಚಿದ್ದು ಹೋಗಿ, ಆರುನೂರು ಪ್ರತಿ ಹನ್ನೊಂದು ವರ್ಷ ನಮ್ಮ ಮಂಚದ ಕೆಳಗಿದ್ದವು. ಪ್ರತಿ ದೀಪಾವಳಿಗೆ ಅವ್ವ ಕಟ್ಟುಗಳನ್ನು ಹೊರಗೆಳೆದು, ಧೂಳು ಹೊಡೆದು, ಮತ್ತೆ ಒಳಗೆ ತಳ್ಳುತ್ತಿದ್ದಳು. ನನ್ನ ಕವಿತೆಗಳನ್ನು ಅಷ್ಟು ಸಲ ಕೈಗೆತ್ತಿಕೊಂಡವರು ಬೇರೆ ಯಾರೂ ಇಲ್ಲ.

ಪ್ರಕಾಶಕರನ್ನು ಬೈಯಬೇಡಿ. ಕವನ ಸಂಕಲನ ಅಂಗಡಿಯಲ್ಲಿ ಮಾರಾಟವಾಗುವುದು ಕಡಿಮೆ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡರೆ ಹಣ ಕೈಗೆ ಬರುವ ಹೊತ್ತಿಗೆ ಎರಡು ಉಗಾದಿ ಕಳೆದಿರುತ್ತವೆ. ಆದರೆ ಮುನ್ನೂರು ಪ್ರತಿ ಕೊಳ್ಳುವವರು ನೀವಾದರೆ ಪ್ರಕಾಶಕರೂ ನೀವೇ ಆದಂತಾಯಿತಲ್ಲ? ಹಾಗಾದರೆ ಲೆಕ್ಕವನ್ನೂ ನೀವೇ ಹಾಕಿ. 84ನ್ನು 45ಕ್ಕೆ ಇಳಿಸಿ. ಡೆಮಿ 1/8 ಎಂಬ ಪುಸ್ತಕದ ಆಕಾರದಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಹಾಳೆ, 16 ಪುಟ. ಮುನ್ನುಡಿ, ಪರಿವಿಡಿ ಸೇರಿ 80 ಪುಟಕ್ಕೆ ಐದು ಫಾರಂ ಸಾಕು. 82 ಆಯಿತೋ, ಆರನೆಯ ಫಾರಂ ಬೇಕು. ಆಗ ಖಾಲಿ ಪುಟ ತುಂಬಲು ಕೈಬಿಟ್ಟ ಕವಿತೆಗಳನ್ನೇ ಮತ್ತೆ ಕರೆತರುತ್ತೀರಿ. ನಾನು ಕರೆತಂದಿದ್ದೆ, ವಿಮರ್ಶಕರು ಸರಿಯಾಗಿ ಅವನ್ನೇ ಹಿಡಿದರು.

ಈಗ ಡಿಜಿಟಲ್ ಮುದ್ರಣದಲ್ಲಿ ನೂರು ಪ್ರತಿಯನ್ನೂ ಹಾಕಿಸಬಹುದು. ತಲಾ ಬೆಲೆ ತುಸು ಹೆಚ್ಚು ಬೀಳುತ್ತದೆ, ಮಂಚದ ಕೆಳಗೆ ಜಾಗ ಉಳಿಯುತ್ತದೆ. ನಿಮಗಿನ್ನೂ ಎಳೆಯ ವಯಸ್ಸಾಗಿದ್ದರೆ, ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ಪ್ರಾಧಿಕಾರ ಅರ್ಜಿ ಕರೆಯುವವರೆಗೆ ಕಾದು ಹಾಕಿ. ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆ ಕೊಡಿಸುತ್ತೇನೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಕರಾರು ಪತ್ರ ಬಂದರೆ ಅವಧಿ ಎಷ್ಟು ಎಂದು ನೋಡಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಅವಧಿ ನಮೂದಿಸದೆ ಹಕ್ಕು ಬರೆದುಕೊಟ್ಟರೆ ಅದು ಐದು ವರ್ಷಕ್ಕೆ ಮಾತ್ರ. ‘ಶಾಶ್ವತವಾಗಿ’ ಎಂಬ ಪದ ಕಂಡರೆ ಪೆನ್ನಿಗೆ ಮುಚ್ಚಳ ಹಾಕಿ.

ಪ್ರಶ್ನೆ: ಜಿಲ್ಲಾ ಸಮ್ಮೇಳನದ ಕವಿಗೋಷ್ಠಿಗೆ ಕರೆದಿದ್ದಾರೆ. 32 ಕವಿಗಳು, ತಲಾ ಮೂರು ನಿಮಿಷ. ಹೋಗುವುದೋ, ಬಿಡುವುದೋ?
(ಹೊಸ ಕವಿ, ಗದಗ)

ಉತ್ತರ: ಹೋಗಿ. ಲೆಕ್ಕದಲ್ಲಿ 96 ನಿಮಿಷ. ಸ್ವಾಗತ, ಆಶಯ ನುಡಿ, ಅಧ್ಯಕ್ಷರ ಮಾತು ಸೇರಿದರೆ ಊಟದ ಹೊತ್ತು ಮೀರುತ್ತದೆ. ಒಮ್ಮೆ ನನ್ನ ಹೆಸರು ಕರೆದಾಗ ರಾತ್ರಿ ಹತ್ತು ಗಂಟೆ. ಕೆಳಗೆ ಹನ್ನೊಂದು ಮಂದಿ ಇದ್ದರು, ಅವರಲ್ಲಿ ಇಬ್ಬರು ಶಾಮಿಯಾನದವರು, ಕುರ್ಚಿ ಜೋಡಿಸುತ್ತಿದ್ದರು. ಸೋರುವ ಮನೆಯ ಬಗ್ಗೆ ಒಂದು ಕವಿತೆ ಓದಿದೆ. ಅವರಲ್ಲೊಬ್ಬ ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟು ಅದರ ಮೇಲೇ ಕುಳಿತ. ಮುಗಿದ ಮೇಲೆ ಬಂದು, ‘ಇದು ಯಾವ ಪುಸ್ತಕದಲ್ಲಿದೆ, ಎಷ್ಟು ರೂಪಾಯಿ?’ ಎಂದು ಕೇಳಿದ. ನನ್ನ ಚೀಲದಲ್ಲಿ ಒಂದು ಪ್ರತಿಯೂ ಇರಲಿಲ್ಲ. ಆರುನೂರು ಮನೆಯಲ್ಲಿದ್ದವು.

ಆದ್ದರಿಂದ ಚೀಲದಲ್ಲಿ ಐದು ಪ್ರತಿ ಇರಲಿ, ಚಿಲ್ಲರೆಯೂ ಇರಲಿ. ಕವಿತೆಯನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿಕೊಳ್ಳಿ. ಮೊಬೈಲ್ ನೋಡಿ ಓದುತ್ತಿದ್ದ ಗೆಳೆಯರೊಬ್ಬರಿಗೆ ಎರಡನೆಯ ಚರಣದಲ್ಲಿ ಗ್ಯಾಸ್ ಏಜೆನ್ಸಿಯಿಂದ ಕರೆ ಬಂದಿತ್ತು. ಕವಿತೆ ಹುಟ್ಟಿದ ಕಥೆ ಹೇಳಬೇಡಿ. ಮತ್ತು ದಯವಿಟ್ಟು, ನಿಮ್ಮ ಸರದಿ ಮುಗಿದೊಡನೆ ಎದ್ದು ಹೋಗಬೇಡಿ. 32ನೆಯವರ ಮುಂದೆ ಶಾಮಿಯಾನದವರು ಮಾತ್ರ ಉಳಿಯುವುದು ಹೀಗೆಯೇ.

ಪ್ರಶ್ನೆ: ಪುಸ್ತಕ ಬಿಡುಗಡೆಗೆ ಯಾರನ್ನು ಕರೆಯಲಿ?
(ಓದುಗರು, ಹಾವೇರಿ)

ಉತ್ತರ: ನಿಮಗೆ ಹಳಗನ್ನಡ ಕಲಿಸಿದ ಮೇಷ್ಟ್ರು ಬದುಕಿದ್ದರೆ ಅವರನ್ನು. ಸಮಯಕ್ಕೆ ಬರುತ್ತಾರೆ, ಪುಸ್ತಕ ಓದಿಕೊಂಡು ಬರುತ್ತಾರೆ, ಕಾಗುಣಿತದ ತಪ್ಪುಗಳನ್ನು ವೇದಿಕೆಯ ಮೇಲೆಯೇ ಹೇಳುತ್ತಾರೆ. ಪೊಟ್ಟಣದ ರಿಬ್ಬನ್ ಕತ್ತರಿಸಲು ಕತ್ತರಿ ಇಟ್ಟುಕೊಳ್ಳಿ. ನಾನು ಕಂಡ ಸಮಾರಂಭಗಳಲ್ಲಿ ಅದೊಂದು ಸಿಕ್ಕಿದ್ದೇ ಇಲ್ಲ.

ಪ್ರಶ್ನೆ: ಗಾಯಕರೊಬ್ಬರು ನನ್ನ ಕವಿತೆಯನ್ನು ಹಾಡಿ ಯೂಟ್ಯೂಬ್‌ಗೆ ಹಾಕಿದ್ದಾರೆ. ನನ್ನ ಹೆಸರೇ ಇಲ್ಲ. ಜಗಳ ತೆಗೆಯಲೇ?
(ಕವಯಿತ್ರಿ, ಮಂಡ್ಯ)

ಉತ್ತರ: ಮೊದಲು ಒಂದು ಪತ್ರ ಬರೆಯಿರಿ, ಜಗಳ ಎಲ್ಲಿಗೂ ಹೋಗುವುದಿಲ್ಲ. ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಅದೇ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮಿನಲ್ಲಿದೆ. ಕೃತಿಸ್ವಾಮ್ಯ ಮಾರಿದವರಿಗೂ ಅದು ಉಳಿದಿರುತ್ತದೆ. ಹಾಡು ಕವಿಯ ಶತ್ರುವಲ್ಲ. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ ಆಗಿ ಬಂದ ಮೇಲೆ, ಸಂಕಲನವನ್ನು ಎಂದೂ ತೆರೆಯದವರ ಮನೆಗೂ ಕವಿತೆ ಹೋಯಿತು. ಕವಿಯ ಹೆಸರೂ ಜೊತೆಗೇ ಹೋಯಿತು. ನೀವು ಕೇಳಬೇಕಾದದ್ದು ಅಷ್ಟೇ.

ಪ್ರಶ್ನೆ: ಕನ್ನಡದಲ್ಲಿ ಕವನ ಸಂಕಲನವೊಂದು ಬಂದದ್ದು ಎಂದಾದರೂ ದೊಡ್ಡ ಸುದ್ದಿಯಾಗಿದೆಯೇ?
(ವಿದ್ಯಾರ್ಥಿ, ಕಲಬುರಗಿ)

ಉತ್ತರ: ಸರ್ಕಾರವೇ ಓದುವಷ್ಟು ಆಗಿದೆ. 1932ರಲ್ಲಿ ಬೇಂದ್ರೆಯವರ ‘ಗರಿ’ ಬಂತು. ಅದರಲ್ಲಿನ ‘ನರಬಲಿ’ ಕವಿತೆಗಾಗಿ ಬ್ರಿಟಿಷರು ಅವರನ್ನು ಸೆರೆಗೆ ಹಾಕಿದರು, ಬಳಿಕ ಮುಗದದಲ್ಲಿ ನಜರಬಂದಿಯಾಗಿ ಇರಿಸಿದರು. ಧಾರವಾಡದಿಂದ ಅಳ್ನಾವರದ ಕಡೆಗೆ ರೈಲಿನಲ್ಲಿ ಹೋಗುವಾಗ ಮುಗದ ನಿಲ್ದಾಣ ಬರುತ್ತದೆ. ನಾನು ಪ್ರತಿ ಸಲ ಕಿಟಕಿಯ ಪಕ್ಕಕ್ಕೆ ಸರಿದು ಕೂರುತ್ತೇನೆ.

ಪ್ರಶ್ನೆ: ನಿಮ್ಮ ಹೊಸ ಸಂಕಲನ ಎಲ್ಲಿಗೆ ಬಂತು? ಹೋದ ಯುಗಾದಿಗೇ ಬರುತ್ತದೆ ಎಂದಿದ್ದಿರಿ.
(ಹಳೆಯ ಓದುಗರು, ದಾವಣಗೆರೆ)

ಉತ್ತರ: ಡಿಟಿಪಿ ಅಂಗಡಿಯಲ್ಲಿದೆ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡ್‌ಗೆ ಬದಲಾಯಿಸುವಾಗ ಅರ್ಕಾವತ್ತುಗಳೆಲ್ಲ ಜಾಗ ತಪ್ಪಿದವು. ಮೊದಲ ಕರಡಿನಲ್ಲಿ ಸೂರ್ಯ ‘ಸೂಯರ್’ ಆಗಿ ಮೂಡಿದ. ಈಗ ನಾಲ್ಕನೆಯ ಕರಡು. 46 ಕವಿತೆ, 80 ಪುಟ, 200 ಪ್ರತಿ. ಬಿಡುಗಡೆ ಸಮಾರಂಭ ಇಲ್ಲ. ನಮ್ಮ ಓಣಿಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಓದುತ್ತೇನೆ, ದಿನ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ. ಚಹಾ ಇರುತ್ತದೆ, ಶಾಲು ಇರುವುದಿಲ್ಲ. ಬರುವಾಗ ಚಿಲ್ಲರೆ ತನ್ನಿ.