ಸ್ವಂತ ಉದ್ಯೋಗ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಒಂಬತ್ತು ವರ್ಷದಿಂದ ಕಚೇರಿ ಕೆಲಸದಲ್ಲಿದ್ದೇನೆ. ಬಿಡುವಿನಲ್ಲಿ ಬಟ್ಟೆಯ ಕೈಚೀಲ ಹೊಲಿಯುತ್ತೇನೆ, ನೋಡಿದವರೆಲ್ಲ ಮೆಚ್ಚುತ್ತಾರೆ. ಹೆಸರು, ಲೋಗೋ, ವಿಸಿಟಿಂಗ್ ಕಾರ್ಡ್ ಎಲ್ಲ ರೆಡಿ. ಬಾಡಿಗೆಗೆ ಒಂದು ಮಳಿಗೆಯನ್ನೂ ನೋಡಿದ್ದೇನೆ. ಮುಂದಿನ ತಿಂಗಳು ಕೆಲಸ ಬಿಡೋಣ ಅಂತಿದ್ದೇನೆ. ಇನ್ನೇನು ತಯಾರಿ ಬೇಕು?

ಉತ್ತರ: ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದಿದ್ದೀರಿ, ಬೇಜಾರು ಮಾಡ್ಕೋಬೇಡಿ. ಎಲ್ಲರೂ ಇದನ್ನೇ ಮೊದಲು ಮಾಡುತ್ತಾರೆ, ಯಾಕೆಂದರೆ ಲೋಗೋ ಮಾಡಿಸೋದು ಖುಷಿ, ಲೆಕ್ಕ ಹಾಕೋದು ಕಷ್ಟ. ಮಳಿಗೆಯ ಮುಂಗಡ ಇನ್ನೂ ಕೊಟ್ಟಿಲ್ಲ ತಾನೆ? ಕೊಡಬೇಡಿ. ಮೊದಲು ಗುರುತು ಪರಿಚಯ ಇಲ್ಲದ ಹತ್ತು ಜನರಿಗೆ ಪೂರ್ತಿ ಬೆಲೆಗೆ ಹತ್ತು ಚೀಲ ಮಾರಿ. ಅತ್ತಿಗೆ ತಗೊಂಡಿದ್ದು, ಆಫೀಸಿನ ಗೆಳತಿ ತಗೊಂಡಿದ್ದು ಲೆಕ್ಕಕ್ಕಿಲ್ಲ. ಅವರು ಕೊಂಡಿದ್ದು ಚೀಲವನ್ನಲ್ಲ, ನಿಮ್ಮ ಮೇಲಿನ ಪ್ರೀತಿಯನ್ನು.

ಆ ಹತ್ತು ಚೀಲ ಹೊಲಿಯುವಾಗ ಮಿಷನ್ ಪಕ್ಕದಲ್ಲಿ ಒಂದು ಗಡಿಯಾರ ಇಟ್ಟುಕೊಳ್ಳಿ. ಬಟ್ಟೆ ಕತ್ತರಿಸೋಕೆ ಕೂತ ಹೊತ್ತಿನಿಂದ ನೂಲಿನ ತುದಿ ಕತ್ತರಿಸಿ ಮಡಚಿಡುವವರೆಗೆ ಎಷ್ಟು ಹೊತ್ತಾಯಿತು ಅಂತ ಬರೆಯಿರಿ. ಹಿಡಿಕೆ ಕೂರಿಸುವ ಜಾಗದಲ್ಲಿ ಬಟ್ಟೆ ನಾಲ್ಕು ಪದರ ಆಗುತ್ತದಲ್ಲ, ಅಲ್ಲಿ ಸೂಜಿ ಮುರಿದದ್ದು, ಜಿಪ್ಪಿನ ರನ್ನರ್ ಕಳಚಿ ಬಂದು ಒಂದು ಕಡೆಯ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದು, ಬಾಬಿನ್‌ನಲ್ಲಿ ನೂಲು ಮುಗಿದದ್ದು ಗೊತ್ತಾಗದೆ ಅರ್ಧ ಅಂಚು ಸುಮ್ನೆ ಓಡಿಸಿದ್ದು, ಈ ಹೊತ್ತೂ ಅದರಲ್ಲಿ ಸೇರಬೇಕು. ಇದನ್ನು ಬಿಟ್ಟು ಹಾಕಿದ ಅಸಲು ಅಸಲೇ ಅಲ್ಲ.

ಈಗ ಲೆಕ್ಕ ನೋಡೋಣ, ಅಂಕಿ ಉದಾಹರಣೆಗೆ ಅಷ್ಟೇ. ಚೀಲದ ಬೆಲೆ 100. ಬಟ್ಟೆ, ಲೈನಿಂಗ್, ಜಿಪ್, ನೂಲು ಎಲ್ಲ ಸೇರಿ 60. ಕೈಗೆ ಉಳಿಯೋದು 40. ಮಳಿಗೆ ಬಾಡಿಗೆ, ಕರೆಂಟು, ಫೋನು ತಿಂಗಳಿಗೆ 4,000 ಅಂದುಕೊಳ್ಳಿ, 4,000ವನ್ನು 40ರಿಂದ ಭಾಗಿಸಿ, 100 ಚೀಲ ಮಾರಿದ ಮೇಲೆ ಮಳಿಗೆಯ ಖರ್ಚು ಹುಟ್ಟಿತು, ನಿಮಗಿನ್ನೂ ಏನೂ ಇಲ್ಲ. ಮನೆಯ ಖರ್ಚಿಗೆ 8,000 ಬೇಕು ಅಂದರೆ ಇನ್ನೂ 200. ಒಟ್ಟು 300 ಚೀಲ. ಒಂದಕ್ಕೆ ಎರಡು ಗಂಟೆ ಹಿಡಿದರೆ 600 ಗಂಟೆ ಆಯಿತು. ಮೂವತ್ತು ದಿನದ ತಿಂಗಳಿನಲ್ಲಿ ಹಗಲು ರಾತ್ರಿ ಸೇರಿಸಿದರೂ ಇರೋದೇ 720 ಗಂಟೆ! ಮಾರೋದು ಯಾವಾಗ, ಮಲಗೋದು ಯಾವಾಗ?

ಹಾಗಂತ ಕೈಬಿಡಿ ಅಂತ ಹೇಳುತ್ತಿಲ್ಲ. ಮಳಿಗೆ ಬೇಡ ಅಂದರೆ ಒಂದೇ ಏಟಿಗೆ ಸುಮಾರು 100 ಚೀಲದ ಭಾರ ಇಳಿಯುತ್ತದೆ. ಹತ್ತು ಚೀಲದ ಬಟ್ಟೆ ಒಟ್ಟಿಗೆ ಕತ್ತರಿಸಿ, ಹತ್ತಕ್ಕೂ ಜಿಪ್ ಒಟ್ಟಿಗೆ ಕೂರಿಸಿದರೆ ಒಂದೊಂದಕ್ಕೆ ಹಿಡಿಯುವ ಹೊತ್ತು ಇಳಿಯುತ್ತದೆ. ಬೆಲೆಯನ್ನು 100ರ ಬದಲು 140 ಮಾಡಿ ನೋಡಿ, ಉಳಿಯೋದು 40 ಅಲ್ಲ, 80, ಅಂದರೆ ಅರ್ಧದಷ್ಟು ಚೀಲ ಸಾಕು. ಆ ಬೆಲೆಗೆ ಜನ ಕೊಳ್ಳುತ್ತಾರಾ? ಅದನ್ನು ತಿಳಿಯೋಕೇ ಆ ಹತ್ತು ಜನ ಬೇಕು ಅಂದಿದ್ದು.

ಇನ್ನೊಂದು ವಿಷಯ, ನನಗೆ ಇದರಲ್ಲಿ ಸ್ವಂತ ಪೆಟ್ಟು ಬಿದ್ದಿದೆ. ಹಿಂದೆ ನಾನು ಪುಸ್ತಕ ಬೈಂಡಿಂಗ್ ಮಾಡುತ್ತಿದ್ದಾಗ ಒಂದೇ ಕಡೆಯಿಂದ ದೊಡ್ಡ ಆರ್ಡರ್ ಬಂತು, ಕೈಯಲ್ಲಿದ್ದ ದುಡ್ಡನ್ನೆಲ್ಲ ರಟ್ಟು, ಹೊದಿಕೆಯ ಕ್ಯಾಲಿಕೊ ಬಟ್ಟೆಗೆ ಸುರಿದೆ, ಕೆಲಸ ಹೊತ್ತಿಗೆ ಸರಿಯಾಗಿ ಮುಗಿಸಿದೆ, ಹಣ ಬಂದಿದ್ದು ಮಾತ್ರ ನಾಲ್ಕು ತಿಂಗಳಿಗೆ. ಲೆಕ್ಕದ ಪುಸ್ತಕದಲ್ಲಿ ಲಾಭ ಇತ್ತು, ಜೇಬಿನಲ್ಲಿ ಇರಲಿಲ್ಲ. ನಿಮಗೂ ಅಷ್ಟೇ. ಒಂದನೇ ತಾರೀಖು ಬಟ್ಟೆಗೆ ನಗದು ಕೊಡುತ್ತೀರಿ, ಹದಿನೈದಕ್ಕೆ ಚೀಲ ಅಂಗಡಿಯವರ ಕೈ ಸೇರುತ್ತದೆ, ಅವರು ತಿಂಗಳು ಅಂದು ಒಂದೂವರೆ ತಿಂಗಳಿಗೆ ಕೊಟ್ಟರೆ ಅಲ್ಲಿಗೆ ಎರಡು ತಿಂಗಳು. ಅಷ್ಟರಲ್ಲಿ ಇನ್ನೊಂದು ಸಲ ಬಟ್ಟೆ ತಂದಾಗಿರುತ್ತದೆ. ಅದಕ್ಕೇ ವ್ಯಾಪಾರದ ಬಂಡವಾಳ ಬೇರೆ, ಮನೆಯ ಆರು ತಿಂಗಳ ಖರ್ಚು ಬೇರೆ ಅಂತ ಎತ್ತಿಟ್ಟು ಆಮೇಲೆ ರಾಜೀನಾಮೆ ಕೊಡಿ. ದೊಡ್ಡ ಆರ್ಡರ್‌ಗೆ ಅರ್ಧ ಮುಂಗಡ ಕೇಳೋಕೆ ಸಂಕೋಚ ಬೇಡ. ಅಲ್ಲಿಯವರೆಗೆ ಸಂಜೆ ಹೊತ್ತು ಹೊಲಿಯಿರಿ, ಆದರೆ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಬೇರೆ ಉದ್ಯೋಗ ಮಾಡಬಾರದು ಅಂತ ಇದೆಯಾ, ಒಮ್ಮೆ ತೆಗೆದು ಓದಿಬಿಡಿ.

ಪ್ರಶ್ನೆ: ಶುರುವಿನಲ್ಲಿ ಗಿರಾಕಿ ಸೆಳೆಯೋಕೆ ಶೇ. 20 ರಿಯಾಯಿತಿ ಕೊಟ್ಟರೆ ಹೇಗೆ? ಲಾಭ ಸ್ವಲ್ಪ ಕಡಿಮೆ ಆಗಬಹುದು ಅಷ್ಟೇ ಅಲ್ವಾ?

ಉತ್ತರ: ಸ್ವಲ್ಪ ಅಲ್ಲ, ಅರ್ಧ. ಮೇಲಿನ ಲೆಕ್ಕವನ್ನೇ ತಗೊಳ್ಳಿ. ಬೆಲೆ 100, ಸಾಮಾನು 60, ಉಳಿಕೆ 40. ಶೇ. 20 ಕಡಿದರೆ ಬೆಲೆ 80, ಸಾಮಾನಿನ 60 ಹಾಗೇ ಇದೆ, ಉಳಿಕೆ 20. ಮೊದಲಿನಷ್ಟೇ ದುಡ್ಡು ಬರಬೇಕಾದರೆ ಎರಡರಷ್ಟು ಮಾರಬೇಕು, ಅಂದರೆ ಎರಡರಷ್ಟು ದುಡಿಯಬೇಕು. ಜೊತೆಗೆ ಒಮ್ಮೆ 80ಕ್ಕೆ ಕೊಂಡವರಿಗೆ 100 ಅನ್ನೋದು ಯಾವತ್ತೂ ಜಾಸ್ತಿಯೇ. ಕೊಡಲೇಬೇಕು ಅನಿಸಿದರೆ ಬೆಲೆ ಮುಟ್ಟಬೇಡಿ, ಉಳಿದ ತುಂಡುಬಟ್ಟೆಯಲ್ಲಿ ಒಂದು ಚಿಲ್ಲರೆ ಪರ್ಸ್ ಹೊಲಿದು ಜೊತೆಗೆ ಕೊಡಿ.

ಪ್ರಶ್ನೆ: ಗೆಳೆಯ ಹಣ ಹಾಕುತ್ತಾನೆ, ನಾನು ದುಡಿಯುತ್ತೇನೆ, ಲಾಭ ಅರ್ಧ ಅರ್ಧ. ಇಪ್ಪತ್ತು ವರ್ಷದ ಸ್ನೇಹ. ಕಾಗದ ಪತ್ರ ಕೇಳಿದರೆ ಅನುಮಾನಪಟ್ಟ ಹಾಗೆ ಆಗಲ್ವಾ?

ಉತ್ತರ: ಸ್ನೇಹ ಉಳಿಯಲಿ ಅಂತಲೇ ಕಾಗದ. ಲಾಭ ಹಂಚೋದು ಬರೆಯದಿದ್ದರೂ ಹೇಗೋ ನಡೆಯುತ್ತದೆ, ನಷ್ಟ ಹಾಗಲ್ಲ. ಲಾಭ ಇಲ್ಲದ ತಿಂಗಳು ನಿಮ್ಮ ದುಡಿಮೆಗೆ ಸಂಬಳ ಉಂಟಾ? ಅವನಿಗೆ ಹಣ ವಾಪಸ್ ಬೇಕು ಅನಿಸಿದರೆ ಎಷ್ಟು ದಿನ ಮೊದಲು ಹೇಳಬೇಕು? ಒಬ್ಬರು ಹೊರಗೆ ಹೋದರೆ ಅಂಗಡಿ ಹೆಸರು ಯಾರಿಗೆ? ಈ ಮೂರಕ್ಕೆ ಉತ್ತರ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಆಮೇಲೆ ಅದಲು ಬದಲು ಮಾಡಿಕೊಂಡು ಓದಿ, ಸಾಮಾನ್ಯವಾಗಿ ಒಂದಾದರೂ ಹೊಂದಲ್ಲ. ಸಾಧಾರಣ ಪಾಲುದಾರಿಕೆಯಲ್ಲಿ ಪಾಲು ಅರ್ಧವೇ ಆದರೂ ಸಾಲ ಕೊಟ್ಟವರು ಪೂರ್ತಿ ಬಾಕಿಯನ್ನು ಒಬ್ಬರ ಹತ್ತಿರವೇ ಕೇಳುವ ಸಂದರ್ಭ ಬರುತ್ತದೆ. ಸಹಿ ಹಾಕುವ ಮುಂಚೆ ವಕೀಲರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ಲೆಕ್ಕ ಬರೆಯೋಕೆ ಬರಲ್ಲ. ಸಾಫ್ಟ್‌ವೇರ್ ಕೊಳ್ಳಲೇಬೇಕಾ?

ಉತ್ತರ: ಸದ್ಯಕ್ಕೆ ಬೇಡ. 1494ರಲ್ಲಿ ಲೂಕಾ ಪಚೋಲಿ ಎಂಬ ಗಣಿತದ ಪಾದ್ರಿ ವೆನಿಸ್ ವ್ಯಾಪಾರಿಗಳ ಜಮಾ ಖರ್ಚಿನ ಪದ್ಧತಿಯನ್ನು ಅಚ್ಚು ಹಾಕಿಸಿದ. ಅವನು ವ್ಯಾಪಾರಿಗೆ ಹೇಳಿದ ಮೊದಲ ಕೆಲಸವೇ ತನ್ನ ಬಳಿ ಇರುವುದನ್ನೂ ಕೊಡಬೇಕಾದ ಸಾಲವನ್ನೂ ಪಟ್ಟಿ ಮಾಡೋದು. ನೀವೂ ಅಲ್ಲಿಂದಲೇ ಶುರು ಮಾಡಿ. ವ್ಯಾಪಾರಕ್ಕೇ ಅಂತ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಬಂದದ್ದು, ಹೋದದ್ದು, ಬರಬೇಕಾದ ಬಾಕಿ ಅಂತ ಮೂರು ಅಂಕಣ ಎಳೆದು ದಿನಾ ರಾತ್ರಿ ಬರೆಯಿರಿ. ರಸೀದಿ ಎಲ್ಲ ಒಂದೇ ಡಬ್ಬಿಗೆ ಹಾಕಿ, ಬಿಸಿಲು ತಾಗದ ಕಡೆ ಇಡಿ. ಈಗಿನ ಬಿಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಹೋಗುತ್ತದೆ, ಅವತ್ತೇ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.