ಶತ್ರು ಮೈಮೇಲೆ ಬಂದಾಗ ಮಂತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪಾಥ್‌ಫೈಂಡರ್ ಎಂಬ ದಾಳದ ಪಾತ್ರಾಭಿನಯ ಆಟದ ಮೊದಲ ಆವೃತ್ತಿ ಆಡುತ್ತಿದ್ದೇವೆ. ನನ್ನದು 5ನೇ ಲೆವೆಲ್‌ನ ವಿಜರ್ಡ್ (ಮಂತ್ರವಾದಿ), ಇಂಟೆಲಿಜೆನ್ಸ್ 18. ಶತ್ರು ಪಕ್ಕದಲ್ಲಿದ್ದರೆ ಯಾವಾಗಲೂ ಡಿಫೆನ್ಸಿವ್ ಆಗಿಯೇ (ಅವನ ಏಟಿಗೆ ಅವಕಾಶ ಕೊಡದಂತೆ ಎಚ್ಚರದಿಂದ) ಫೈರ್‌ಬಾಲ್ ಹಾಕುತ್ತೇನೆ. ಅರ್ಧಕ್ಕಿಂತ ಹೆಚ್ಚು ಸಲ ಕೈಕೊಡುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತಪ್ಪಿರುವುದು ‘ಯಾವಾಗಲೂ’ ಎಂಬಲ್ಲಿ. ಈ ಆವೃತ್ತಿಯಲ್ಲಿ ಡಿಫೆನ್ಸಿವ್ ಹಾಕಲು ಡಿಸಿ (ದಾಳ, ಬೋನಸ್ ಸೇರಿ ಮುಟ್ಟಬೇಕಾದ ಅಂಕ) ಎಂದರೆ 15ಕ್ಕೆ ಮಂತ್ರದ ಲೆವೆಲ್‌ನ ಎರಡರಷ್ಟು ಕೂಡಿಸಿದ್ದು. ಫೈರ್‌ಬಾಲ್ 3ನೇ ಲೆವೆಲ್, ಹಾಗಾಗಿ 21. ನಿಮ್ಮ ಬೋನಸ್ ಲೆವೆಲ್ 5, ಇಂಟೆಲಿಜೆನ್ಸ್‌ನಿಂದ 4, ಒಟ್ಟು 9. 20 ಮುಖದ ದಾಳದಲ್ಲಿ 12 ಅಥವಾ ಮೇಲೆ ಬೀಳಬೇಕು, ಅಂದರೆ 45%. ಸೋತರೆ ಶತ್ರುವಿನ ಏಟಂತೂ ಬೀಳುವುದಿಲ್ಲ, ಆದರೆ ಮಂತ್ರ ಹೋಯಿತು, ಸ್ಲಾಟೂ (ದಿನಕ್ಕೆ ಸಿಗುವ ಮಂತ್ರಗಳ ಲೆಕ್ಕದಲ್ಲಿ ಒಂದು) ಹೋಯಿತು.

ಎದುರಿಗಿರುವುದು ಬರೀ ಗಾಬ್ಲಿನ್ (ಪುಟ್ಟ ರಾಕ್ಷಸ) ಎನ್ನಿ: ದಾಳಿ +2, ಏಟು 1ರಿಂದ 4. ನಿಮ್ಮ ಎಸಿ (ತಾಗಲು ದಾಳಿ ಮುಟ್ಟಬೇಕಾದ ಅಂಕ) 15 ಇದ್ದರೆ ಅದಕ್ಕೆ ತಾಗುವ ಅವಕಾಶವೇ 40%. ತಾಗಿ 4 ಏಟು ಬಿದ್ದರೂ ಮಂತ್ರ ಉಳಿಸಿಕೊಳ್ಳುವ ಡಿಸಿ 10, ಏಟಿನ 4, ಮಂತ್ರದ ಲೆವೆಲ್ 3 ಸೇರಿ 17 ಅಷ್ಟೇ. ಡಿಫೆನ್ಸಿವ್ ಇಲ್ಲದೆ ಹಾಕಿದರೆ, ಕ್ರಿಟಿಕಲ್ (ಅಪರೂಪದ ಜೋರು ಏಟು) ಬಿಟ್ಟು, ಕನಿಷ್ಠ 86% ಸಲ ಮಂತ್ರ ಉಳಿಯುತ್ತದೆ. ಇಂಥಲ್ಲಿ ಡಿಫೆನ್ಸಿವ್ ಹಾಕುವುದು ಶುದ್ಧ ನಷ್ಟ. ಅದೇ ಒಗರ್ ಎಂಬ ದೈತ್ಯ ಇದ್ದರೆ? ದಾಳಿ +7, ಏಟು ಸರಾಸರಿ 16. ಮಂತ್ರ ಉಳಿಯುವುದು ಸುಮಾರು 41%, ಜೊತೆಗೆ ಮೈಯೂ ಜಜ್ಜಿಹೋಗುತ್ತದೆ. ಅಲ್ಲಿ ಡಿಫೆನ್ಸಿವ್ ಸರಿ. ಕಾಂಬ್ಯಾಟ್ ಕಾಸ್ಟಿಂಗ್ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಕೌಶಲ) ತೆಗೆದುಕೊಂಡರೆ +4 ಸಿಕ್ಕಿ 45% ಎಂಬುದು 65% ಆಗುತ್ತದೆ. ಮುಂಚೂಣಿಯಲ್ಲೇ ನಿಲ್ಲುವ ಕ್ಲೆರಿಕ್‌ಗೆ ಇದನ್ನು ಮೊದಲೇ ಕೊಡಿಸಿ.

ದಾಳ ಉರುಳಿಸದೆಯೇ ಪಾರಾಗುವ ದಾರಿ 5 ಅಡಿಯ ಹೆಜ್ಜೆ. ಹಿಂದೆ ಸರಿಯಿರಿ, ಹಾಕಿರಿ. ಆ ಸುತ್ತಿನಲ್ಲಿ ಬೇರೆ ಓಡಾಟ ಇರಬಾರದು, ಕಾಲಡಿ ಕೆಸರು ಕಲ್ಲುಗಳ ಕಷ್ಟದ ನೆಲವೂ ಆಗಿರಬಾರದು. ಒಗರ್ ಮುಂದೆ ಮಾತ್ರ ಈ ಹೆಜ್ಜೆ ಸಾಲದು: ಅದರ ಕೈಗೆಟಕು 10 ಅಡಿ, ನೀವಿನ್ನೂ ಅದರೊಳಗೇ ಇರುತ್ತೀರಿ. ಕೈಯಲ್ಲಿ ಬರೀ ಬಿಲ್ಲು ಹಿಡಿದವನ ಪಕ್ಕದಲ್ಲಾದರೆ ಸರಿಯುವುದೂ ಬೇಡ. ಬಿಲ್ಲಿನಿಂದ ಪಕ್ಕದ ಚೌಕಕ್ಕೆ ಬೆದರಿಕೆ ಇಲ್ಲ.

ಹೆಚ್ಚಿನವರು ಮರೆಯುವುದು ‘ರೆಡಿ’ ಮಾಡಿಟ್ಟ ದಾಳಿಯನ್ನು. ‘ಇವಳು ಮಂತ್ರ ಶುರು ಮಾಡಿದರೆ ಬಾಣ ಬಿಡುತ್ತೇನೆ’ ಎಂದು ಕಾದು ಕುಳಿತವನನ್ನು ಡಿಫೆನ್ಸಿವ್ ತಡೆಯುವುದಿಲ್ಲ. ಬಾಣ ತಾಗಿದರೆ ಏಟಿನ ಲೆಕ್ಕದ ಡಿಸಿ ಬೇರೆಯೇ ಬರುತ್ತದೆ.

ಪ್ರಶ್ನೆ: ಸ್ಕಾರ್ಚಿಂಗ್ ರೇ (ಬೆಂಕಿಯ ಕಿರಣದ ಮಂತ್ರ) ಡಿಫೆನ್ಸಿವ್ ಆಗಿ ಹಾಕಿ ಗೆದ್ದೆ. ಆದರೂ ಜಿಎಂ (ಆಟ ನಡೆಸುವವರು) ಶತ್ರುವಿಗೆ ನನ್ನ ಮೇಲೆ ಒಂದು ಏಟಿನ ಅವಕಾಶ ಕೊಟ್ಟರು. ಇದು ನ್ಯಾಯವೇ?

ಉತ್ತರ: ನ್ಯಾಯವೇ. ಮಂತ್ರ ಹಾಕುವುದು ಒಂದು, ಕಿರಣ ಗುರಿಯಿಟ್ಟು ಎಸೆಯುವುದು ಇನ್ನೊಂದು. ಡಿಫೆನ್ಸಿವ್ ಕಾಯುವುದು ಮೊದಲನೆಯದನ್ನು ಮಾತ್ರ. ದೂರದ ದಾಳಿ ತಾನಾಗಿಯೇ ಏಟಿಗೆ ಅವಕಾಶ ಕೊಡುತ್ತದೆ. ಪಕ್ಕದಲ್ಲಿ ಶತ್ರು ಇದ್ದಾಗ ಕಿರಣದ ಮಂತ್ರ ಬಿಟ್ಟು ಬೇರೆ ಆರಿಸಿ.

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ (2014) ಡಿಫೆನ್ಸಿವ್ ಆಗಿ ಹಾಕುವ ಈ ಡಿಸಿ ಎಷ್ಟು?

ಉತ್ತರ: ಅಲ್ಲಿ ಈ ಪರೀಕ್ಷೆಯೇ ಇಲ್ಲ. ಮಂತ್ರ ಹಾಕಿದ ಮಾತ್ರಕ್ಕೆ ಯಾರೂ ಹೊಡೆಯುವಂತಿಲ್ಲ. 5 ಅಡಿಯೊಳಗೆ ನಿಮ್ಮನ್ನು ಕಾಣಬಲ್ಲ, ಸೋತು ಬಿದ್ದಿಲ್ಲದ ಶತ್ರು ಇದ್ದರೆ ಫೈರ್ ಬೋಲ್ಟ್‌ನಂಥ ದೂರದ ದಾಳಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಕಡಿಮೆಯದೇ ಲೆಕ್ಕ). ಫೈರ್‌ಬಾಲ್‌ಗೆ ದಾಳಿಯ ದಾಳವೇ ಇಲ್ಲವಾದ್ದರಿಂದ ತೊಂದರೆಯಿಲ್ಲ. ಅಪಾಯವಿರುವುದು ಬ್ಲೆಸ್, ಹೇಸ್ಟ್‌ನಂತೆ ಮನಸ್ಸಿನಲ್ಲಿ ಹಿಡಿದಿಟ್ಟ ಮಂತ್ರಗಳಿಗೆ. ಏಟು ಬಿದ್ದಾಗ ಕಾನ್‌ಸ್ಟಿಟ್ಯೂಷನ್ ಸೇವ್ (ಮೈಯ ತಾಳಿಕೆಯಿಂದ ಮಂತ್ರ ಉಳಿಸಿಕೊಳ್ಳುವ ದಾಳ): ಡಿಸಿ 10 ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದು. 7 ಮತ್ತು 9ರ ಎರಡು ಏಟುಗಳನ್ನು ಕೂಡಿಸಿ 16 ಎಂದು ಒಂದೇ ದಾಳ ಉರುಳಿಸಬೇಡಿ. ಡಿಸಿ 10ರ ಎರಡು ಸೇವ್ ಬೇಕು. +2 ಬೋನಸ್‌ಗೆ ಒಂದು ಸೇವ್ 65%, ಎರಡೂ ಗೆಲ್ಲುವುದು 42% ಮಾತ್ರ. ವಾರ್ ಕಾಸ್ಟರ್ ಫೀಟ್ ಇದ್ದರೆ, ಎರಡು ದಾಳದಲ್ಲಿ ಹೆಚ್ಚಿನದೇ ಲೆಕ್ಕವಾದ್ದರಿಂದ, ಒಂದೊಂದು ಸೇವ್ ಸುಮಾರು 88%ಕ್ಕೆ ಏರುತ್ತದೆ. ಎದುರಾಳಿಗೆ ಮೇಜ್ ಸ್ಲೇಯರ್ ಫೀಟ್ ಇದ್ದರೆ ಮಾತ್ರ ದೂರವಿರಿ: 5 ಅಡಿಯೊಳಗೆ ಮಂತ್ರ ಹಾಕಿದವರಿಗೆ ಅವನು ರಿಯಾಕ್ಷನ್‌ನಲ್ಲಿ (ತನ್ನ ಸರದಿ ಅಲ್ಲದಿದ್ದರೂ) ಹೊಡೆಯಬಹುದು, ಆ ಏಟಿನ ಸೇವ್‌ಗೆ ಡಿಸ್‌ಅಡ್ವಾಂಟೇಜ್ ಬೇರೆ.